ಮೂಲದೊಂದಿಗೆ ತಾಳೆ ನೋಡಲಾಗಿದೆ

ಯಾರೋ ಅಧಿಕಾರಿಯೊಬ್ಬರು ಮಾಡಿಸಲು ಕೊಟ್ಟಿದ್ದ ರಬ್ಬರ್ ಸೀಲು, ಅದು ತಯಾರಾಗುವಷ್ಟರಲ್ಲಿ ಅವರಿಗೆ ವರ್ಗವಾದ ಕಾರಣ, ಸೀಲಿನಂಗಡಿಯ ಕಿಟಕಿಯಲ್ಲಿ ದಿಕ್ಕಿಲ್ಲದೆ ಕೂತಿತ್ತು. ಅದರ ಮೇಲೆ ಎರಡೇ ಸಾಲು: 'ಮೂಲದೊಂದಿಗೆ ತಾಳೆ ನೋಡಲಾಗಿದೆ. ಸರಿಯಿದೆ.' ಪಕ್ಕದ ಜೆರಾಕ್ಸ್ ಅಂಗಡಿಯವನು ಅದನ್ನು ಕೇಳಿ ಇಸಿದುಕೊಂಡ. ಅವತ್ತಿನಿಂದ ಅವನು ಸೀಲಣ್ಣ. ಹೆತ್ತವರು ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಒಂದು ಕಡೆ ಬೆಚ್ಚಗೆ ಮಲಗಿದೆ, ಅದನ್ನು ಎಬ್ಬಿಸುವುದು ಬೇಡ.

ಸೀಲಣ್ಣನ ಅಂಗಡಿಯಲ್ಲಿ ಒಂದು ಯಂತ್ರ, ಯಂತ್ರಕ್ಕಿಂತ ಹೆಚ್ಚು ಸದ್ದು ಮಾಡುವ ಒಂದು ಫ್ಯಾನು, ಸವೆದ ಸ್ಟೂಲು ಒಂದು. ಯಾರೇ ಬಂದು ಎರಡು ಹಾಳೆ ಜೆರಾಕ್ಸ್ ಮಾಡಿಸಿದರೂ ಅವನು ಎದ್ದು ನಿಂತು, ಸೀಲನ್ನು ಬಾಯಿಯ ಹತ್ತಿರ ಹಿಡಿದು ಒಮ್ಮೆ 'ಹಾ' ಎಂದು ಉಸಿರು ಬಿಟ್ಟು, ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ದಡ್ಡೆಂದು ಬಡಿದು, ಮೇಲೊಂದು ಎರೆಹುಳುವಿನಂಥ ಸಹಿ ಹಾಕುತ್ತಿದ್ದ. ಇದಕ್ಕೆ ಕಾನೂನಿನಲ್ಲಿ ಮೂರುಕಾಸಿನ ಬೆಲೆಯಿರಲಿಲ್ಲ. ಆದರೆ ಸೀಲು ಬಿದ್ದ ಕಾಗದವನ್ನು ಯಾರಾದರೂ ಪ್ರಶ್ನಿಸಿದ ದಾಖಲೆಯೂ ಇರಲಿಲ್ಲ. ಕಚೇರಿಗಳು ಸ್ವೀಕರಿಸುತ್ತಿದ್ದವು, ಶಾಲೆಗಳು ಸ್ವೀಕರಿಸುತ್ತಿದ್ದವು, ಒಂದು ಮದುವೆಯೂ ಆ ಸೀಲಿನ ಬಲದ ಮೇಲೆ ನಡೆದು ಇಂದಿಗೂ ಚೆನ್ನಾಗಿಯೇ ಇದೆ.

ತಾಳೆ ನೋಡುತ್ತಿದ್ದನೆ? ಅದೊಂದು ಬಿಟ್ಟು ಎಲ್ಲ ಮಾಡುತ್ತಿದ್ದ. ಮಿಠಾಯಿ ಮಾಡುವವನಿಗೆ ಸಿಹಿ ಬೇಡವಾಗುವ ಹಾಗೆ, ಹದಿನೇಳು ವರ್ಷಗಳಲ್ಲಿ ಅವನು ಅಂಗಡಿಗೆ ಬಂದ ಒಂದು ಕಾಗದವನ್ನೂ ಓದಿರಲಿಲ್ಲ. "ಈ ಮುಚ್ಚಳದ ಕೆಳಗೆ ಹಾದು ಹೋಗ್ದೆ ಇರೋ ವಿದ್ಯೆ ಯಾವ್ದಿದೆ ಹೇಳಿ?" ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದ. ವಿದ್ಯೆ ಹಾದು ಹೋಗಿತ್ತು, ನಿಜ. ನಿಂತಿರಲಿಲ್ಲ.

ಅವನ ಹೆಂಡತಿ ಓದುವವಳು. ಹನ್ನೊಂದು ವರ್ಷದಿಂದ ಮನೆಯ ಮೆಟ್ಟಿಲ ಮೇಲೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಮೇಲಿನ ಮೆಟ್ಟಿಲು ಏಳನೇ ತರಗತಿ, ಕೆಳಗಿನದು ಒಂದನೇ ತರಗತಿ. ಪಾಸಾದವರು ಅಕ್ಷರಶಃ ಮೇಲೇರುತ್ತಿದ್ದರು. ಅವಳಿಗೆ ಬೇಕಾಗಿದ್ದು ಒಂದೇ: ಬಾಗಿಲಿರುವ ಒಂದು ತರಗತಿ. ಅದಕ್ಕೆ ಶಿಕ್ಷಕರ ತರಬೇತಿಗೆ ಸೇರಬೇಕು, ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು, ಬರೆಯಲು ನಲವತ್ತು ದಾಟಿರಬಾರದು. ಅವಳಿಗೆ ಮೂವತ್ತೊಂಬತ್ತು ಮುಗಿಯುತ್ತಾ ಬಂದಿತ್ತು. ಮೊದಲ ಸಲ ಪರೀಕ್ಷೆಯ ದಿನ ಜ್ವರ. ಎರಡನೇ ಸಲ ಅರ್ಜಿಯನ್ನು ಜೆರಾಕ್ಸ್ ಮಾಡಿಸಲು ಗಂಡನ ಕೈಗೆ ಕೊಟ್ಟಿದ್ದಳು. ಅದು ಕೊನೆಯ ದಿನಾಂಕ ಕಳೆದು ಆರು ದಿನವಾದ ಮೇಲೆ, ಯಂತ್ರದ ಮುಚ್ಚಳ ಎತ್ತಿದಾಗ, ಗಾಜಿನ ಮೇಲೆ ಬೋರಲಾಗಿ ಮಲಗಿರುವುದು ಕಂಡಿತು.

"ಈ ಸಲದ್ದೇ ಕೊನೇದು ಕಣ್ರೀ," ಎಂದಿದ್ದಳು ಹೆಂಡತಿ. "ನೀವು ಏನೂ ಸಹಾಯ ಮಾಡ್ಬೇಡಿ. ಅಷ್ಟು ಸಹಾಯ ಮಾಡಿ ಸಾಕು."

ಗಂಡಸಿಗೆ ಇದಕ್ಕಿಂತ ದೊಡ್ಡ ಸವಾಲು ಉಂಟೆ? "ಪಠ್ಯಕ್ರಮ ನನ್ನ ಜವಾಬ್ದಾರಿ," ಎಂದ ಸೀಲಣ್ಣ. "ಕಚೇರಿಯಿಂದ ಮೂಲ ಪ್ರತಿ ನೇರವಾಗಿ ನನ್ನ ಕೈಗೇ ಬರುತ್ತೆ. ಇಡೀ ಜಿಲ್ಲೆಯಲ್ಲಿ ಮೊದಲನೇ ಕಾಪಿ ನಿಂದು. ಸೀಲ್ ಸಮೇತ."

ಅದು ಹಾಗೇ ಬಂತು. ಶಿಕ್ಷಣ ಕಚೇರಿಯ ಜವಾನ ಆರು ಹಾಳೆಗಳ ಮೂಲ ಪ್ರತಿಯನ್ನು ತಂದು, ಇನ್ನೂರು ಕಾಪಿ ಎಂದು ಹೇಳಿ ಚಹಾ ಕುಡಿಯಲು ಹೋದ. ಅದೇ ಹೊತ್ತಿಗೆ ಹೆಂಡತಿಯ ತಮ್ಮನೂ ಬಂದ. ಈ ಭಾವಮೈದ ಹೊಸದಾಗಿ ಕೋಳಿ ಸಾಕಲು ಹೊರಟಿದ್ದ. ಅದಕ್ಕೊಂದು ಸರ್ಕಾರಿ ತರಬೇತಿ, ಆ ತರಬೇತಿಗೂ ಒಂದು ಪಠ್ಯಕ್ರಮ, ಆ ಪಠ್ಯಕ್ರಮಕ್ಕೂ ಆರು ಹಾಳೆ. "ಭಾವ, ಒಂದೇ ಒಂದು ಕಾಪಿ," ಎಂದು ಮೇಜಿನ ಮೇಲಿಟ್ಟ. ಎರಡೂ ಒಂದೇ ಮುದ್ರಣಾಲಯದಿಂದ ಬಂದವು, ಒಂದೇ ಅಕ್ಷರ, ಒಂದೇ ಅಂಚು. ಎರಡರಲ್ಲೂ ನಾಲ್ಕನೇ ಹಾಳೆಯಲ್ಲಿ 'ಘಟಕ ನಾಲ್ಕು, ಅಂಕ ಇಪ್ಪತ್ತು'. ಫ್ಯಾನು ಒಮ್ಮೆ ಕೆಮ್ಮಿ ಜೋರಾಯಿತು. ಹನ್ನೆರಡು ಹಾಳೆಗಳೂ ಹಾರಿ ನೆಲಕ್ಕೆ ಬಿದ್ದವು. ಸೀಲಣ್ಣ ಎತ್ತಿದ, ಪುಟದ ಸಂಖ್ಯೆ ನೋಡಿ ಒಂದು, ಎರಡು, ಮೂರು, ನಾಲ್ಕು ಎಂದು ಜೋಡಿಸಿದ, ಕಚೇರಿಯದನ್ನು ಇನ್ನೂರು, ಭಾವಮೈದನದನ್ನು ಒಂದು ಕಾಪಿ ತೆಗೆದ, ಇನ್ನೂರಕ್ಕೂ 'ಹಾ' ಎಂದು ಸೀಲು ಬಡಿದ.

ಇಷ್ಟೇ ನಡೆದದ್ದು. ನಾಲ್ಕರ ಜಾಗದಲ್ಲಿ ನಾಲ್ಕೇ ಇತ್ತು. ಆದರೆ ಅದರದ್ದು ಇದರಲ್ಲಿ, ಇದರದ್ದು ಅದರಲ್ಲಿ.

ಹೆಂಡತಿ ತನ್ನ ಕಾಪಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಓದಿದಳು. ಮೂರನೇ ಪುಟ ಮುಗಿಸಿ ನಾಲ್ಕಕ್ಕೆ ಹೊರಳಿದವಳು ಮತ್ತೆ ಮೂರಕ್ಕೆ ಬಂದಳು. ಮತ್ತೆ ನಾಲ್ಕಕ್ಕೆ ಹೋದಳು.

"ರೀ, ಇಲ್ಲಿ ಬನ್ನಿ. 'ಮಗುವು ಸಹಪಾಠಿಗಳೊಂದಿಗೆ ಬೆರೆತು ಬೆಳೆದಾಗ ಅದರಲ್ಲಿ ಹೆಚ್ಚುವ ಮೊಟ್ಟೆಯಿಡುವ ಸಾಮರ್ಥ್ಯ' ಅಂತಿದೆ."

ಇಲ್ಲಿ ಒಬ್ಬ ಸಾಧಾರಣ ಮನುಷ್ಯ ಕಾಗದವನ್ನು ಕೈಗೆ ತಗೊಂಡು ನೋಡುತ್ತಿದ್ದ. ಸೀಲಣ್ಣ ಸಾಧಾರಣ ಮನುಷ್ಯನಲ್ಲ, ಶಿಕ್ಷಣ ಕ್ಷೇತ್ರದವನು.

"ಹೊಸ ಪದ್ಧತಿ," ಎಂದ.

"ಯಾವ ಪದ್ಧತಿ? ಕೆಳಗೆ ನೋಡಿ. ಗೂಡಿನಲ್ಲಿ ಪ್ರತಿ ಕೋಳಿಗೆ ಬೇಕಾದ ಜಾಗ. ಒಂದನ್ನೊಂದು ಕುಕ್ಕುವ ಚಟ, ಅದರ ಕಾರಣ, ಪರಿಹಾರ. ಕಾವಿಗೆ ಕೂತ ಕೋಳಿಯ ಲಕ್ಷಣ. ಅನುಪಯುಕ್ತ ಕೋಳಿಗಳ ವಿಲೇವಾರಿ."

"ಅದೇ ನೋಡು. ಮೊದ್ಲೆಲ್ಲ ಬರೀ ಪುಸ್ತಕ. ಈಗ ಬದುಕಿನ ಜೊತೆ ಜೋಡಿಸ್ತಾರೆ. ಶಿಕ್ಷಕ ಅಂದ್ಮೇಲೆ ಎಲ್ಲ ಗೊತ್ತಿರ್ಬೇಕಲ್ವಾ? ಸೀಲ್ ಇದೆಯೋ ಇಲ್ವೋ ನೋಡು."

"ಇದೆ."

"ಮತ್ತೆ?"

ಸೀಲು ಹಾಕಿದವನು ಎದುರಿಗೇ ಹಲ್ಲುಜ್ಜುತ್ತ ನಿಂತಿದ್ದರೂ, ಅಚ್ಚಾದ ಸೀಲಿಗೆ ಅದರದೇ ಆದ ಒಂದು ಗಾಂಭೀರ್ಯ. ಹೆಂಡತಿ ಅನುಮಾನಿಸುತ್ತಲೇ ಪೆನ್ಸಿಲ್ ತಗೊಂಡು 'ಕುಕ್ಕುವ ಚಟ'ದ ಕೆಳಗೆ ಗೆರೆ ಎಳೆದಳು.

ಅವಳ ಅನುಮಾನ ಪೂರ್ತಿ ತೀರಿದ್ದು ಕೋಚಿಂಗ್ ಕ್ಲಾಸಿನಲ್ಲಿ. ಟೈರು ಅಂಗಡಿಯ ಮಹಡಿಯ ಮೇಲೆ ಅರವತ್ತಮೂರು ಅಭ್ಯರ್ಥಿಗಳಿಗೆ ಪಾಠ ಹೇಳುತ್ತಿದ್ದ ಕೋಚಿಂಗ್ ಮೇಷ್ಟ್ರು, ಗೊತ್ತಿಲ್ಲ ಎಂಬ ಮಾತನ್ನು ಇಪ್ಪತ್ತೆರಡು ವರ್ಷಗಳಿಂದ ಆಡದೆ ಬದುಕಿದವರು. ನಾಲ್ಕನೇ ಪುಟ ನೋಡಿ ಸೀಮೆಸುಣ್ಣ ಮುರಿದರು. ಕೆಳಗಿನ ಅಂಗಡಿಯಲ್ಲಿ ಒಂದು ಟೈರು ಪುಸ್ಸೆಂದು ಗಾಳಿ ಬಿಟ್ಟಿತು. ಮೇಷ್ಟ್ರು ತಲೆಯೆತ್ತಿದರು.

"ನಾನು ಇದನ್ನ ನಿರೀಕ್ಷಿಸಿದ್ದೆ," ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಬರೀ ಕಟ್ಟಿ ಬಿಡುತ್ತಾರೆ. ಮೇಷ್ಟ್ರು ಕಟ್ಟಿ, ಹಾಲು ಕರೆದು, ಹೆಪ್ಪು ಹಾಕಿದರು. ಹದಿನೈದು ದಿನದಲ್ಲಿ 'ಘಟಕ ನಾಲ್ಕು: ಸಮಗ್ರ ಕೈಪಿಡಿ' ಹೊರಬಂತು, ನೂರಾ ಎಂಬತ್ತು ಪುಟ. ಮಗುವಿನ ಮೊಟ್ಟೆಯಿಡುವ ಸಾಮರ್ಥ್ಯ ಎಂದರೆ ಸೃಜನಶೀಲತೆ ಎಂದು ಅವರು ಎಂಟು ಪುಟಗಳಲ್ಲಿ ಸಾಧಿಸಿದ್ದರು. "ಸಾರ್, ಅನುಪಯುಕ್ತ ಕೋಳಿಗಳ ವಿಲೇವಾರಿ?" ಎಂದು ಅಭ್ಯರ್ಥಿಗಳಲ್ಲೊಬ್ಬಳಾದ ಬಸ್ ಕಂಡಕ್ಟರಮ್ಮ ಕೇಳಿದ್ದಕ್ಕೆ ಮೇಷ್ಟ್ರು ಕಿಟಕಿಯಾಚೆ ನೋಡಿ, "ಅದು ಪರೀಕ್ಷೆಯಲ್ಲಿ ಫೇಲಾದೋರ ಬಗ್ಗೆ ಬರೆದಿರೋದಮ್ಮ," ಎಂದರು. ಅರವತ್ತಮೂರು ಜನ ತಣ್ಣಗಾದರು.

ಪ್ರಾಯೋಗಿಕ ಜ್ಞಾನವೂ ಇರಲಿ ಎಂದು ಜನ ಕೋಳಿ ಕೊಳ್ಳಲು ಶುರು ಮಾಡಿದರು. ಕಂಡಕ್ಟರಮ್ಮ ಒಂದು ಹ್ಯಾಟೆ ಕೋಳಿಯನ್ನು ಟಿಕೆಟ್ಟಿನ ಚೀಲದ ಪಕ್ಕ ಕೂರಿಸಿಕೊಂಡು ಟ್ರಿಪ್ಪು ಹೊಡೆದಳು. ಅದಕ್ಕೆ ಟಿಕೆಟ್ ಯಾಕಿಲ್ಲ ಎಂದು ಪ್ರಯಾಣಿಕರೊಬ್ಬರು ಕೇಳಿದರೆ, "ಇದು ಪಠ್ಯಪುಸ್ತಕ" ಎಂದಳಂತೆ. ಎದುರು ಮನೆಯ ನಿವೃತ್ತ ಹೆಡ್ಮಾಸ್ಟರು ದಿನಾ ಸಂಜೆ ಸೀಲಣ್ಣನ ಅಂಗಡಿಗೆ ಬಂದು ನಿಟ್ಟುಸಿರು ಬಿಡುತ್ತಿದ್ದರು: "ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳ್ದೆ ಕಣಯ್ಯಾ. ಒಂದೇ ಒಂದು ಕೋಳೀನ ಸರಿಯಾಗಿ ನೋಡ್ಲಿಲ್ಲ. ಅದಕ್ಕೇ ನಂಗೆ ಪ್ರಶಸ್ತಿ ಬರ್ಲಿಲ್ಲ."

ಸೀಲಣ್ಣ ತಲೆದೂಗುತ್ತಿದ್ದ. ಅವನ ನಡಿಗೆಯೇ ಬದಲಾಗಿತ್ತು. ಅಂಗಡಿಯ ಮುಂದೆ 'ಪಠ್ಯಕ್ರಮ ಸಲಹೆ ಉಚಿತ' ಎಂಬ ಹಲಗೆ ಬಂದಿತ್ತು.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಹೆಂಡತಿ ಹೇಳಿದಳು: "ನಾವು ತಂದು ಬಾಲ್ಕನೀಲಿ ಇಟ್ಟಿರೋ ಒಂದು ಕೋಳಿ ಯಾರನ್ನ ಕುಕ್ಕುತ್ತೆ? ಗುಂಪಲ್ಲಿ ಹೇಗೆ ಕುಕ್ಕುತ್ವೆ ನೋಡ್ಬೇಕು. ತಮ್ಮನ ಶೆಡ್ಡಿಗೆ ಹೋಗಿ, ನಾನು ಯಾವತ್ತು ಬರ್ಲಿ ಅಂತ ಕೇಳ್ಕೊಂಡು ಬನ್ನಿ. ಕೇಳ್ಕೊಂಡು ಬನ್ನಿ ಅಷ್ಟೇ, ಸಲಹೆ ಕೊಡ್ಬೇಡಿ."

ಭಾವಮೈದನ ಶೆಡ್ಡಿಗೆ ಸೀಲಣ್ಣ ಹೋದದ್ದು ಅದೇ ಮೊದಲು. ಇನ್ನೂರು ಕೋಳಿಗಳಿರುವ ಜಾಗ ಎಂದರೆ ಗದ್ದಲ ಇರಬೇಕಲ್ಲ? ಇಲ್ಲ. ಬಾಗಿಲು ತೆಗೆದರೆ ಗ್ರಂಥಾಲಯದ ಹಾಗೆ ನಿಶ್ಶಬ್ದ. ಕೋಳಿಗಳು ಎಂಟೆಂಟರ ಗುಂಪಾಗಿ ಅರ್ಧಚಂದ್ರಾಕಾರದಲ್ಲಿ ಕೂತಿದ್ದವು. ಪ್ರತಿ ಗುಂಪಿಗೂ ಒಂದು ಕೋಳಿಯ ಕಾಲಿಗೆ ನೀಲಿ ರಿಬ್ಬನ್. ಗೋಡೆಯ ಮೇಲೆ ಕಪ್ಪುಹಲಗೆ. ಹಲಗೆಯ ಮುಂದೆ ಭಾವಮೈದ, ಕೈಯಲ್ಲಿ ಜೋಳದ ತಟ್ಟೆ.

"ಅವಸರ ಬೇಡ," ಎನ್ನುತ್ತಿದ್ದ ಕೋಳಿಗಳಿಗೆ. "ಎಲ್ಲರಿಗೂ ಅವಕಾಶ ಇದೆ. ಹಿಂದಿನ ಸಾಲು, ಈ ಸಲ ನೀವು ಶುರು ಮಾಡಿ."

ಸೀಲಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಲೋ, ಏನೋ ಇದು?"

"ಶ್! ಮೆತ್ತಗೆ ಭಾವ, ಗುಂಪು ಚಟುವಟಿಕೆ ನಡೀತಿದೆ." ಭಾವಮೈದ ಅವನನ್ನು ಮೂಲೆಗೆ ಎಳೆದೊಯ್ದ. "ಪಠ್ಯಕ್ರಮದಲ್ಲಿ ಇರೋದೇ ಹಿಂಗೆ. ನಂಗೂ ಮೊದ್ಲು ವಿಚಿತ್ರ ಅನ್ನಿಸ್ತು. ಬಯ್ಯಬಾರ್ದಂತೆ, ಹೊಡೀಬಾರ್ದಂತೆ. ಗುಂಪಿಗೊಬ್ಬ ಮುಂದಾಳು. ಮಾಡಿ ನೋಡ್ದೆ ಭಾವ, ಮೊಟ್ಟೆ ಒಂದೂವರೆ ಪಟ್ಟು ಆಗೋಯ್ತು! ಒಂದೇ ತೊಂದ್ರೆ. 'ಹಿತವಾದ ಗಾಳಿ ಬೆಳಕಿನಲ್ಲಿ ಬೆಳೆದ ಕೋಳಿಯಲ್ಲಿ ಹೆಚ್ಚುವ ಆತ್ಮವಿಶ್ವಾಸ, ನಾಯಕತ್ವ ಹಾಗೂ ಓದಿನ ಅಭಿರುಚಿ' ಅಂತಿದೆ. ಆತ್ಮವಿಶ್ವಾಸ ಬಂತು. ನಾಯಕತ್ವ ಬಂತು. ಓದಿನ ಅಭಿರುಚಿ ಇನ್ನೂ ಬಂದಿಲ್ಲ. ದಿನಾ ಪೇಪರ್ ಹಾಸ್ತಿದೀನಿ."

ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿದ. ಘಟಕ ನಾಲ್ಕು, ಅಂಕ ಇಪ್ಪತ್ತು. ತರಗತಿ ನಿರ್ವಹಣೆ.

ಹದಿನೇಳು ವರ್ಷಗಳ ವೃತ್ತಿಜೀವನದಲ್ಲಿ ಸೀಲಣ್ಣ ಪೂರ್ತಿ ಓದಿದ ಮೊದಲ ಕಾಗದ ಅದು. ಓದುತ್ತ ಓದುತ್ತ ಅವನು ಹತ್ತಿರದ ಗುಂಪಿನಲ್ಲಿ ಮೆಲ್ಲಗೆ ಕೂತುಬಿಟ್ಟ. ನೀಲಿ ರಿಬ್ಬನ್ನಿನ ಕೋಳಿ ಸ್ವಲ್ಪ ಸರಿದು ಜಾಗ ಕೊಟ್ಟಿತು.

"ಇದೇನೋ, ಮಧ್ಯದಲ್ಲಿ ಒಂದು ಸಾಲು ಇಲ್ಲ?" ಅ, ಆ ಆದ ಮೇಲೆ ಒಂದು ತೂತು, ಆಮೇಲೆ ಈ.

"ಅದನ್ನ ಕೆಂಪಿ ತಿಂದ್ಬಿಟ್ಲು," ಎಂದ ಭಾವಮೈದ, ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಕೆಂಚು ಕೋಳಿಯನ್ನು ತೋರಿಸಿ. "ತುಂಬಾ ತುಂಟಿ. ಅದು ಏನಿತ್ತು ಅಂತ ನಂಗೂ ಮರ್ತೋಗಿದೆ. ನಿಮ್ಮ ಕಾಪೀಲಿ ಇರುತ್ತಲ್ಲ ಅಂತ ನೋಡಿದ್ರೆ, ನೀವು ತೆಗೆದ ಆ ಒಂದು ಕಾಪೀನೂ ಅವಳೇ ತಿಂದಿದ್ದು ಭಾವ."

ಹೀಗೆ, ಇಡೀ ಜಿಲ್ಲೆಯ ಶಿಕ್ಷಣದ ನಾಲ್ಕನೇ ಘಟಕದ ಇ ವಿಭಾಗ ಒಂದು ಕೋಳಿಯ ಹೊಟ್ಟೆಯಲ್ಲಿತ್ತು.

ಸೀಲಣ್ಣ ಅಲ್ಲಿಂದ ಓಡಿದ್ದು ಕೋಚಿಂಗ್ ಮೇಷ್ಟ್ರ ಬಳಿಗೆ. ಮೇಷ್ಟ್ರು ಕೈಪಿಡಿಯ ಎರಡನೇ ಮುದ್ರಣದ ಕರಡು ತಿದ್ದುತ್ತಿದ್ದರು.

"ಮೇಷ್ಟ್ರೇ, ಕೋಳಿ ಇಲ್ಲ!"

"ಯಾವ ಕೋಳಿ ಇಲ್ಲ?"

"ಪರೀಕ್ಷೆಗೆ ಕೋಳಿ ಇಲ್ಲ. ನಂದು ತಪ್ಪು. ಹಾಳೆ ಅದಲುಬದಲಾಗಿದೆ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ನೋಡಯ್ಯಾ, ನೀನು ಜೆರಾಕ್ಸ್ ಮಾಡೋನು. ವಿಷಯಕ್ಕೆ ಕೈ ಹಾಕ್ಬೇಡ. ನೂರಾ ಎಂಬತ್ತು ಪುಟ ಬರ್ದಿದೀನಿ. ಕೋಳಿ ಇಲ್ದೇ ನೂರಾ ಎಂಬತ್ತು ಪುಟ ಬರಿಯೋಕಾಗುತ್ತಾ?"

ಸೀಲಣ್ಣ ಶಿಕ್ಷಣ ಕಚೇರಿಗೆ ಓಡಿದ. ಅಲ್ಲಿನ ಸೂಪರಿಂಟೆಂಡೆಂಟರು ಎಲ್ಲವನ್ನೂ ಕೇಳಿ, ಬೀರು ತೆಗೆದು, ಮೂಲ ಪ್ರತಿಯ ಕಡತ ಹೊರಗೆಳೆದರು. ಒಂದು, ಎರಡು, ಮೂರು, ಕೋಳಿ, ಐದು, ಆರು.

"ಮೂಲದಲ್ಲೇ ಕೋಳಿ ಇದೆಯಲ್ರೀ."

"ಸಾರ್, ಅದು ಮೂಲ ಅಲ್ಲ. ಅಂದ್ರೆ ಮೂಲಾನೇ, ಆದ್ರೆ ಬೇರೆ ಮೂಲ. ನಿಮ್ಮ ಮೂಲ ಕೋಳಿ ಶೆಡ್ಡಿನ ಗೋಡೆ ಮೇಲಿದೆ. ಅದ್ರಲ್ಲೂ ಒಂದು ಸಾಲು ಕೋಳಿ ಹೊಟ್ಟೇಲಿದೆ."

ಸೂಪರಿಂಟೆಂಡೆಂಟರು ಅವನನ್ನು ಕರುಣೆಯಿಂದ ನೋಡಿದರು. "ಮನೇಲಿ ಎಲ್ಲ ಕ್ಷೇಮಾನಾ?" ಎಂದರು. ಆಮೇಲೆ ಹಾಳೆ ತಿರುಗಿಸಿ ಜಯಶಾಲಿಯಂತೆ ತೋರಿಸಿದರು. ಜವಾನ ಮೂಲವನ್ನು ಮರಳಿ ಪಡೆಯುವಾಗ, ಇನ್ನೂರರ ಭರದಲ್ಲಿ, ಸೀಲಣ್ಣ ಅದಕ್ಕೂ ಒಂದು ಬಡಿದಿದ್ದ. ಮೂಲದೊಂದಿಗೆ ತಾಳೆ ನೋಡಲಾಗಿದೆ. ಸರಿಯಿದೆ. ಎರೆಹುಳು.

"ಇದು ನಿಮ್ಮದೇ ಸಹಿ ತಾನೇ? ನಿಮ್ಮ ಸಹಿ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಹದಿನೇಳು ವರ್ಷ ಬಡಿದ ಸೀಲು ಅಂದು ಒಂದೇ ಏಟಿಗೆ ತಿರುಗಿ ಅವನ ಹಣೆಗೇ ಬಡಿಯಿತು.

ಉಳಿದದ್ದು ಹೆಂಡತಿ. ಮನೆಗೆ ಬರುವ ದಾರಿಯಲ್ಲಿ ಅವನು ಹೇಳಬೇಕಾದ ಮಾತನ್ನು ಏಳು ಬಗೆಯಲ್ಲಿ ಜೋಡಿಸಿದ. ಏಳರಲ್ಲೂ ತಪ್ಪು ಫ್ಯಾನಿನದಾಗಿತ್ತು. ಮನೆಗೆ ಬಂದರೆ ಹೆಂಡತಿ ಮೆಟ್ಟಿಲ ಮೇಲೆ, ಮಕ್ಕಳೆಲ್ಲ ಹೋದ ಮೇಲೆ, ಏಳನೇ ತರಗತಿಯಲ್ಲಿ ಕೂತು ಕೈಪಿಡಿ ಓದುತ್ತಿದ್ದಳು. ಸೀಲಣ್ಣ ಬಂದು ಒಂದನೇ ತರಗತಿಯಲ್ಲಿ ಕೂತ. ಏಳು ಬಗೆಯೂ ಮರೆತುಹೋಯಿತು.

"ನಾನು ತಾಳೆ ನೋಡ್ಲಿಲ್ಲ," ಎಂದ.

ಎಲ್ಲ ಹೇಳಿದ. ಶೆಡ್ಡು, ರಿಬ್ಬನ್ನು, ಕೆಂಪಿ, ಮೇಷ್ಟ್ರು, ಕಚೇರಿ. ಹೆಂಡತಿ ಕೈಪಿಡಿಯ ನೂರಾ ಎಂಬತ್ತು ಪುಟಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸರ್ರನೆ ಹಾಯಿಸಿದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಬಯ್ಗುಳಕ್ಕೆ ಅವನ ಬಳಿ ಮುಖ ತಯಾರಿತ್ತು, ಇದಕ್ಕೆ ಇರಲಿಲ್ಲ.

"ಹದಿನೇಳು ವರ್ಷದಲ್ಲಿ ಒಂದ್ ಸಲಾನಾದ್ರೂ ನೋಡಿದೀರಾ?"

"ಇಲ್ಲ."

"ಈಗ ನೀವೇ ಬಂದು ಹೇಳಿದ್ರಿ. ಹೋದ ಸಲ ಅರ್ಜಿ ಸಿಕ್ದಾಗ ಹೇಳಿರ್ಲಿಲ್ಲ. ನಾನೇ ಕಂಡುಹಿಡಿದಿದ್ದೆ."

"ಹೂಂ."

"ಹಂಗಾದ್ರೆ ಸ್ವಲ್ಪ ಮುಂದಕ್ಕೆ ಬಂದಿದೀರಿ," ಎಂದು ಕೈ ಚಾಚಿದಳು. "ಸೀಲ್ ಕೊಡಿ."

ಜೇಬಿನಿಂದ ತೆಗೆದುಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದಳು. "ಒಂದನೇ ಕ್ಲಾಸಲ್ಲೇ ಕೂತಿರ್ತೀರಾ? ನಡೀರಿ ಶೆಡ್ಡಿಗೆ. ಒಂಬತ್ತು ದಿನ ಇದೆ."

ಮರುದಿನ ಅವಳು ಕೋಚಿಂಗ್ ಕ್ಲಾಸಿನಲ್ಲಿ ಎದ್ದು ನಿಂತು, ಮೂರನೇ ಪುಟದ ಕೊನೆಯ ಸಾಲನ್ನೂ ಗೋಡೆಯಿಂದ ಕಿತ್ತು ತಂದ ಹಾಳೆಯ ಮೊದಲ ಸಾಲನ್ನೂ ಜೋಡಿಸಿ ಓದಿದಳು: "ಮಗುವು ಸಹಪಾಠಿಗಳೊಂದಿಗೆ ಬೆರೆತು ಬೆಳೆದಾಗ ಅದರಲ್ಲಿ ಹೆಚ್ಚುವ ಆತ್ಮವಿಶ್ವಾಸ, ನಾಯಕತ್ವ ಹಾಗೂ ಓದಿನ ಅಭಿರುಚಿ." ಉಳಿದ ಅರವತ್ತೆರಡು ಜನ ನಿಧಾನಕ್ಕೆ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಸೀಮೆಸುಣ್ಣ ಮುರಿದರು.

"ನಾನು ಇದನ್ನೂ ನಿರೀಕ್ಷಿಸಿದ್ದೆ," ಎಂದರು.

ಜಿಲ್ಲೆಯಲ್ಲಿ ತರಗತಿ ನಿರ್ವಹಣೆ ಬಲ್ಲ, ಅಷ್ಟೇ ಅಲ್ಲ, ಮೂರು ತಿಂಗಳು ದಿನನಿತ್ಯ ಮಾಡಿ ನೋಡಿದ ಏಕೈಕ ವ್ಯಕ್ತಿ ಭಾವಮೈದ. ಹಾಗಾಗಿ ಉಳಿದ ಎಂಟು ದಿನ ಅರವತ್ತಮೂರು ಅಭ್ಯರ್ಥಿಗಳು ಶೆಡ್ಡಿನಲ್ಲಿ ಕೋಳಿಗಳ ನಡುವೆ ಕೂತು ಪಾಠ ಕೇಳಿದರು. ಗುಂಪು ಚಟುವಟಿಕೆಯನ್ನು ಕೋಳಿಗಳು ಮಾಡಿ ತೋರಿಸಿದವು. ಶಿಕ್ಷೆಯಿಲ್ಲದ ಶಿಸ್ತಿಗೆ ಕೆಂಪಿಯೇ ಉದಾಹರಣೆ. ಅವಳು ಎಂಟು ದಿನದಲ್ಲಿ ಎರಡು ನೋಟ್‌ಬುಕ್, ಒಂದು ಪ್ರವೇಶಪತ್ರದ ತುದಿ ತಿಂದಳು. ಆದರೂ ಭಾವಮೈದ ದನಿಯೇರಿಸಲಿಲ್ಲ. "ಯಾಕೆ ಹಂಗೆ ಮಾಡ್ದೆ ಅಂತ ಮೊದ್ಲು ಕೇಳ್ಬೇಕು," ಎನ್ನುತ್ತಿದ್ದ. ಹಿಂದಿನ ಸಾಲಿನಲ್ಲಿ ಕೋಚಿಂಗ್ ಮೇಷ್ಟ್ರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಅವರ ತೊಡೆಯ ಮೇಲೆ ಒಂದು ಹ್ಯಾಟೆ ಕಾವಿಗೆ ಕೂತಿತ್ತು. ಕೈಪಿಡಿಯ ನೂರಾ ಹತ್ತನೇ ಪುಟದಲ್ಲಿದ್ದ ಎಲ್ಲ ಲಕ್ಷಣಗಳೂ ಅದಕ್ಕಿದ್ದವು, ಅದೊಂದೇ ಅವರಿಗೆ ಸಮಾಧಾನ. ಸೀಲಣ್ಣ ಜೋಳ ಹಾಕುತ್ತಿದ್ದ. ಸಲಹೆ ಕೊಡಲಿಲ್ಲ.

ಇ ವಿಭಾಗ ಮಾತ್ರ ಏನೆಂದು ಕೊನೆಗೂ ಯಾರಿಗೂ ನೆನಪಾಗಲಿಲ್ಲ.

ಪರೀಕ್ಷೆಯಲ್ಲಿ ಬಂದದ್ದು ಅದೇ. ಅಭ್ಯರ್ಥಿಗಳು ಕೇಂದ್ರದಿಂದ ಹೊರಬಂದಾಗ ಗೇಟಿನ ಬಳಿ ಸೀಲಣ್ಣ ತುದಿಗಾಲಲ್ಲಿ ನಿಂತಿದ್ದ. ಹೆಂಡತಿ ಪ್ರಶ್ನೆಪತ್ರಿಕೆ ಅವನ ಕೈಗಿಟ್ಟಳು. ಅವನು ಓದಿದ, ಪೂರ್ತಿ ಓದಿದ ಎರಡನೇ ಕಾಗದ. 'ತಪ್ಪೆಸಗಿದ ವಿದ್ಯಾರ್ಥಿಯನ್ನು ಅವಮಾನಿಸದೆ ತಿದ್ದುವುದು ಹೇಗೆ? ಸ್ವಂತ ಅನುಭವದಿಂದ ಉದಾಹರಣೆ ಕೊಟ್ಟು ವಿವರಿಸಿ. ಅಂಕ ಇಪ್ಪತ್ತು.'

"ಏನು ಬರ್ದೆ?"

"ಗೊತ್ತಿರೋದು ಬರ್ದೆ."

"ಎಲ್ರೂ ಕೆಂಪಿ ಬಗ್ಗೆ ಬರ್ದ್ರಂತೆ. ನೀನೂ?"

"ಬಸ್ ಬಂತು, ಹತ್ತಿ," ಎಂದಳು ಹೆಂಡತಿ.

ಎರಡು ತಿಂಗಳಾದ ಮೇಲೆ ಶಿಕ್ಷಣ ಕಚೇರಿಗೆ ಪರೀಕ್ಷಾ ಮಂಡಳಿಯಿಂದ ಒಂದು ಪತ್ರ ಬಂತು. ಜವಾನ ಅದನ್ನು ಜೆರಾಕ್ಸಿಗೆ ತಂದದ್ದರಿಂದ ಸೀಲಣ್ಣ ಅದನ್ನೂ ಓದಿದ, ಚಟ ಹತ್ತಿತ್ತು. ತಮ್ಮ ಜಿಲ್ಲೆಯ ಅರವತ್ತೆರಡು ಅಭ್ಯರ್ಥಿಗಳು ತಮ್ಮ ಉತ್ತರಗಳಲ್ಲಿ ಕೆಂಪಿ ಎಂಬ ಒಬ್ಬಳೇ ವಿದ್ಯಾರ್ಥಿನಿಯನ್ನು ಉಲ್ಲೇಖಿಸಿರುತ್ತಾರೆ. ಸದರಿ ಬಾಲಕಿಯು ಪುಸ್ತಕಗಳನ್ನು ತಿನ್ನುವ, ಮೇಜಿನ ಮೇಲೆ ಹತ್ತಿ ಕೂಗುವ ಹಾಗೂ ಸಹಪಾಠಿಗಳ ಕಣ್ಣಿಗೆ ಕುಕ್ಕುವ ಪ್ರವೃತ್ತಿಯುಳ್ಳವಳೆಂದು ತಿಳಿದುಬರುತ್ತದೆ. ಆಕೆಯನ್ನು ಕೂಡಲೇ ಗುರುತಿಸಿ, ವೈದ್ಯಕೀಯ ತಪಾಸಣೆಗೆ ಒಳಪಡಿಸಿ, ಯಾವ ಶಾಲೆಯಲ್ಲಿ ಓದುತ್ತಿದ್ದಾಳೆಂದು ವರದಿ ಸಲ್ಲಿಸತಕ್ಕದ್ದು. ಸೂಪರಿಂಟೆಂಡೆಂಟರು ಜಿಲ್ಲೆಯ ಎಲ್ಲ ಶಾಲೆಗಳ ಹಾಜರಿ ಪುಸ್ತಕ ತರಿಸಿ ಹುಡುಕುತ್ತಿದ್ದಾರೆ. ಈವರೆಗೆ ನಾಲ್ವರು ಕೆಂಪಿಯರು ಸಿಕ್ಕಿದ್ದಾರೆ, ಯಾರೂ ಪುಸ್ತಕ ತಿನ್ನುವುದನ್ನು ಒಪ್ಪಿಕೊಂಡಿಲ್ಲ.

ಅರವತ್ತೆರಡು. ಸೀಲಣ್ಣ ಎರಡು ಸಲ ಓದಿದ. ಅರವತ್ತಮೂರರಲ್ಲಿ ಒಬ್ಬರು ಕೆಂಪಿಯ ಬಗ್ಗೆ ಬರೆದಿಲ್ಲ.

ಅದೇ ಮಧ್ಯಾಹ್ನ ಹೆಂಡತಿ ಅಂಗಡಿಗೆ ಬಂದಳು. ಹನ್ನೊಂದು ವರ್ಷದಲ್ಲಿ ಮಕ್ಕಳನ್ನು ಮೆಟ್ಟಿಲ ಮೇಲೆ ಬಿಟ್ಟು ಬಂದದ್ದು ಇದೇ ಮೊದಲು. ಕೈಯಲ್ಲೊಂದು ಉದ್ದ ಲಕೋಟೆ.

"ಇದನ್ನ ಎರಡು ಕಾಪಿ ಮಾಡ್ಕೊಡಿ."

ತರಬೇತಿಗೆ ಆಯ್ಕೆಯಾದ ಪತ್ರ. ಕೆಳಗೆ ಘಟಕವಾರು ಅಂಕ. ಘಟಕ ನಾಲ್ಕು: ಇಪ್ಪತ್ತಕ್ಕೆ ಇಪ್ಪತ್ತು. ಸೀಲಣ್ಣ ತೆಗೆದ ಮೊದಲ ಕಾಪಿ ಸೊಟ್ಟಗೆ ಬಂತು.

"ನೀನು ಯಾರ ಬಗ್ಗೆ ಬರ್ದಿದ್ದೆ?"

"ಒಬ್ಬ ವಿದ್ಯಾರ್ಥಿ," ಎಂದಳು ಹೆಂಡತಿ, ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ. "ನಲವತ್ತಾರು ವರ್ಷ. ಒಂದನೇ ಕ್ಲಾಸು. ಒಳ್ಳೇವ್ನು, ಓದಲ್ಲ ಅಷ್ಟೇ."

ಸೆರಗಿನ ಗಂಟು ಬಿಚ್ಚಿ ಸೀಲನ್ನು ಮೇಜಿನ ಮೇಲಿಟ್ಟಳು. ಸೀಲಣ್ಣ ಅದನ್ನು ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತ, ಮೂಲವನ್ನೂ ಕಾಪಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಬೆರಳಿಟ್ಟು, ಮೊದಲ ಅಕ್ಷರದಿಂದ ಓದತೊಡಗಿದ. ಹಿಂದೆ ಮೂರು ಗಿರಾಕಿಗಳು ಕಾಯುತ್ತಿದ್ದರು. ನಿವೃತ್ತ ಹೆಡ್ಮಾಸ್ಟರು, "ಏನಯ್ಯಾ, ಪರೀಕ್ಷೆಗೆ ಕೂತಿದೀಯಾ?" ಎಂದರು. ಅವನು ತಲೆಯೆತ್ತಲಿಲ್ಲ. ಐದನೇ ಸಾಲಿಗೆ ಬಂದವನು ನಿಂತ.

"ಇಲ್ಲಿ ವಯಸ್ಸು ಇಪ್ಪತ್ತೊಂಬತ್ತು ಅಂತಿದೆ."

"ಹೌದಾ? ಎಲ್ಲಿ?" ಹೆಂಡತಿ ಬಗ್ಗಿ ನೋಡಿದಳು. "ಅಯ್ಯೋ, ಹತ್ತು ವರ್ಷ ತಪ್ಪಿದೆ! ತಿದ್ದಿಸ್ಬೇಕಲ್ರೀ."

ಸೀಲಣ್ಣ ಪತ್ರವನ್ನು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಪತ್ರವನ್ನು, ಮತ್ತೆ ಹೆಂಡತಿಯನ್ನು. ಬಿಸಿಲಲ್ಲಿ ಓಡಿಬಂದು ಕೆಂಪಾದ ಮುಖ, ಕಿವಿಯ ಮೇಲೆ ಸಿಕ್ಕಿಸಿಕೊಂಡು ಮರೆತ ಸೀಮೆಸುಣ್ಣದ ತುಂಡು. ಅವಸರ ಮಾಡಲಿಲ್ಲ. ಆಮೇಲೆ ಸೀಲು ಎತ್ತಿಕೊಂಡು 'ಹಾ' ಎಂದು ಉಸಿರು ಬಿಟ್ಟು ದಡ್ಡೆಂದು ಬಡಿದ.

"ಮೂಲದೊಂದಿಗೆ ತಾಳೆ ನೋಡಿದೀನಿ," ಎಂದ. "ಸರಿಯಿದೆ."